ಅಂಗಿಗಿಂತ ಮುಂಚೆ ಹೋದ ಗುಂಡಿಗಳು

ನಮ್ಮೂರಿನ ದಂಡಿನ ನೆಲೆಯಲ್ಲಿ ಪಡೆಗಳು ಮೂರು, ಬಯಲು ಒಂದೇ. ತಿಂಗಳ ಮೊದಲ ಹತ್ತು ದಿನ ಬಯಲು ನೆಲವಾಗಿರುತ್ತದೆ. ಆಗ ಭೂಸೇನೆಯವರು ಹಸಿರು ಅಂಗಿ ತೊಟ್ಟು ಅಲ್ಲಿ ಕಂದಕ ತೋಡುತ್ತಾರೆ. ನಡುವಿನ ಹತ್ತು ದಿನ ಅದು ಸಮುದ್ರವಾಗಿರುತ್ತದೆ. ಆಗ ನೌಕಾಪಡೆಯವರು ಬಿಳಿ ಅಂಗಿ ತೊಟ್ಟು ತಮ್ಮ ಎರಡು ಹಡಗು ಇಳಿಸುತ್ತಾರೆ. ಕೊನೆಯ ಹತ್ತು ದಿನ ಅಲ್ಲಿ ನೆಲವೂ ಇಲ್ಲ, ನೀರೂ ಇಲ್ಲ. ಬಯಲಿನ ಅಂಚಿನ ಕಟ್ಟೆಯ ಮೇಲಿಂದ ಬಗ್ಗಿ ನೋಡಿದರೆ ಕೆಳಗೂ ಆಕಾಶವೇ. ಅದು ವಾಯುಪಡೆಯವರ ಪಾಳಿ, ಅವರ ಅಂಗಿ ನೀಲಿ. ಮೂವತ್ತೊಂದನೆಯ ತಾರೀಖು ಯಾರದೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ, ಅಂದು ಕಟ್ಟೆಯ ಬಾಗಿಲಿಗೆ ಬೀಗ ಜಡಿದು ಮೂವರೂ ಮಲಗಿಬಿಡುತ್ತಾರೆ. ಮೂರು ಬಣ್ಣದ ಅಂಗಿಯನ್ನೂ ಹೊಲಿಯುವವನು ನಾನೊಬ್ಬನೇ. ಹೆಸರು ಪುಂಡಲೀಕ. ಅಂಗಡಿ ನೆಲೆಯ ಗೋಡೆಗೆ ಆತುಕೊಂಡಿದೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಿಟಕಿಯಿಂದ ಕಟ್ಟೆಯೂ ಧ್ವಜದ ಕಂಬವೂ ಕಾಣುತ್ತವೆ.

ಊರಿನವರಿಗೆ ಇದೆಲ್ಲ ಮೈಗೆ ಒಗ್ಗಿಹೋಗಿದೆ. ನೆಲದ ದಿನಗಳಲ್ಲಿ ದನ ಮೇಯಿಸುತ್ತಾರೆ, ಮೆಣಸಿನಕಾಯಿ ಒಣಗಿಸುತ್ತಾರೆ. ನೀರಿನ ದಿನ ಬಂದರೆ ಅದೇ ಹೆಂಗಸರು ಬುಟ್ಟಿ ಹಿಡಿದು ಮೀನಿಗೆ ಚೌಕಾಸಿ ಮಾಡುತ್ತಾರೆ. ಆಕಾಶದ ದಿನಗಳಲ್ಲಿ ಮಕ್ಕಳು ಕಟ್ಟೆಯ ಮೇಲೆ ಕೂತು ಗಾಳಿಪಟವನ್ನು ಕೆಳಕ್ಕೆ ಬಿಡುತ್ತಾರೆ. ಹೊಂದಿಕೊಳ್ಳಲಾರದವರು ಎಂದರೆ ಪಡೆಯವರೇ. ಮೂವರಿಗೂ ಒಂದೇ ಬ್ಯಾರಕ್ಕು, ಒಂದೇ ಅಡಿಗೆಮನೆ, ಒಂದೇ ಕಚೇರಿ, ಕಚೇರಿಯಲ್ಲಿ ಒಂದೇ ಮೇಜು. ಮೇಜಿಗೆ ಮೂರು ಖಾನೆ, ಮೂರು ಬೀಗ. ಪಾಳಿ ಮುಗಿದವರು ಹಿತ್ತಲ ಕಡೆಯ ತಗಡಿನ ಶೆಡ್ಡಿಗೆ ಹೋಗಿ ಇಪ್ಪತ್ತು ದಿನ ಬೂಟು ತಿಕ್ಕುತ್ತ ಕೂರಬೇಕು, ಪಾಳಿ ಬಂದವರು ಅವರ ಮಂಚದ ಮೇಲೆ ತಮ್ಮ ಹಾಸಿಗೆ ಬಿಚ್ಚುತ್ತಾರೆ. ಸಾರಿಗೆ ಉಪ್ಪು ಎಷ್ಟು ಎಂಬುದಕ್ಕೂ ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಕಟ್ಟಿದವನು ನಮ್ಮೂರಿಗೆ ಬಂದು ಹೋಗಿರಬೇಕು, ಮೂರನೆಯದೊಂದು ಮೇಲಕ್ಕೆಳೆಯುವುದನ್ನು ಮಾತ್ರ ಅವನು ನೋಡಲಿಲ್ಲ. ಯುದ್ಧವಂತೂ ನನ್ನ ಆಯುಷ್ಯದಲ್ಲಿ ಒಂದೂ ಬಂದಿಲ್ಲ.

ಮೂರು ಪಡೆಗಳೂ ತುಟಿ ಪಿಟಕ್ಕೆನ್ನದೆ ಒಪ್ಪುವ ನಿಯಮ ಒಂದೇ ಒಂದು, ಅದು ಧ್ವಜದ್ದು. ಪಾಳಿಯ ಕೊನೆಯ ದಿನ ಸಂಜೆ ನಾಲ್ಕಕ್ಕೆ ಕಟ್ಟೆಯ ಮೇಲೆ ಹಾಜರಿ ಕೂಗುತ್ತಾರೆ. ಪಟ್ಟಿಯಲ್ಲಿದ್ದ ಪ್ರತಿ ಹೆಸರಿಗೂ 'ಹಾಜರ್' ಎಂಬ ಉತ್ತರ ಬಂದ ಮೇಲೆಯೇ ಧ್ವಜ ಇಳಿಯುತ್ತದೆ. ಧ್ವಜ ಇಳಿಯುವ ತನಕ ಬಯಲು ಬದಲಾಗುವುದಿಲ್ಲ, ಇಳಿದ ಮೇಲೆ ಒಂದು ಗಳಿಗೆ ಕಾಯುವುದೂ ಇಲ್ಲ. ಹಿಂದೊಮ್ಮೆ ಭೂಸೇನೆಯ ಒಬ್ಬ ಪುಣ್ಯಾತ್ಮ ಕುಡಿದು ಕಂದಕದಲ್ಲಿ ಮಲಗಿಬಿಟ್ಟಿದ್ದ. ಅವನು ಸಿಗುವವರೆಗೆ ಎರಡು ದಿನ ಧ್ವಜ ಇಳಿಯಲಿಲ್ಲ, ಸಮುದ್ರ ಬರಲಿಲ್ಲ, ಬಿಳಿ ಅಂಗಿಯವರು ಹಡಗನ್ನು ಒಣನೆಲದ ಮೇಲಿಟ್ಟುಕೊಂಡು ಬೈಯುತ್ತ ಕೂತಿದ್ದರು. ಬೈದರೂ ಕಾದರು. ಕುಡುಕನಾದರೇನು, ಪಟ್ಟಿಯಲ್ಲಿ ಹೆಸರಿತ್ತು. ಬಯಲಲ್ಲಿ ಉಳಿದದ್ದು ಯಾವುದೂ ತಿರುಗಿ ಸಿಕ್ಕ ಉದಾಹರಣೆ ನಮ್ಮೂರಲ್ಲಿಲ್ಲ. ಹತ್ತು ದಿನ ನೀರು, ಹತ್ತು ದಿನ ಆಕಾಶ ಕಳೆದು ನೆಲ ಮರಳಿ ಬಂದಾಗ ಅದು ಹೊಸ ನೆಲ. ತೋಡಿದ ಕಂದಕದ ಗುರುತೂ ಇರುವುದಿಲ್ಲ.

ಇನ್ನು ನನ್ನ ಕಸುಬಿನ ಮಾತು. ಒಂದು ಪಡೆ ಬಿಟ್ಟು ಇನ್ನೊಂದಕ್ಕೆ ಹೋಗುವವನು ನನ್ನ ಅಂಗಡಿಯ ಮೂಲಕವೇ ಹೋಗಬೇಕು. ಅವನ ಹಳೆಯ ಅಂಗಿಯ ಏಳು ಗುಂಡಿಗಳನ್ನು ನಾನು ಕತ್ತರಿಸಿ ಕಚೇರಿಗೆ ಕಳಿಸಬೇಕು. ಗುಂಡಿ ಕೈಗೆ ಬಂದೊಡನೆ ಹಳೆಯ ಪಡೆಯವರು ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ. ಹೊಸ ಅಂಗಿ ತೊಟ್ಟು ಹೊಸ ಪಡೆಯ ಹಾಜರಿಯಲ್ಲಿ ನಿಂತಾಗ ಅವರು ಹೆಸರು ಬರೆದುಕೊಳ್ಳುತ್ತಾರೆ. ನಡುವಿನ ಹೊತ್ತು ಅವನು ಯಾರವನೂ ಅಲ್ಲ. ಅದಕ್ಕೇ ದರ್ಜಿಗೊಂದು ಕಟ್ಟುನಿಟ್ಟಿದೆ: ಹೊಸ ಅಂಗಿ ಮೈಮೇಲೆ ಬೀಳುವ ತನಕ ಹಳೆಯ ಗುಂಡಿ ಅಂಗಡಿ ದಾಟಬಾರದು. ಇದನ್ನು ನನ್ನ ತಂದೆ ನನಗೆ ಕತ್ತರಿ ಕೊಟ್ಟ ದಿನವೇ ಹೇಳಿದ್ದರು. ಇಪ್ಪತ್ತೆರಡು ವರ್ಷ ಪಾಲಿಸಿದೆ. ಒಂದೇ ಒಂದು ಸಲ ತಪ್ಪಿದೆ, ಅದೂ ಸ್ವಂತ ಅಳಿಯನ ಅಂಗಿಯಲ್ಲಿ.

ಅಳಿಯನ ಹೆಸರು ಏಕನಾಥ. ಎದೆ ಮೂವತ್ತೆಂಟು, ತೋಳು ಇಪ್ಪತ್ತೈದು, ಕುತ್ತಿಗೆ ಹದಿನೈದು. ಮನುಷ್ಯರನ್ನು ನಾನು ಹೀಗೇ ನೆನಪಿಡುವುದು, ಯಾರೂ ತಪ್ಪು ತಿಳಿಯಬಾರದು. ಭೂಸೇನೆಯಲ್ಲಿದ್ದ. ನನ್ನ ಒಬ್ಬಳೇ ಮಗಳು ಸಾವಂತ್ರಿಯನ್ನು ಕೊಟ್ಟಿದ್ದೆ. ತಾಯಿಯಿಲ್ಲದ ಹುಡುಗಿ, ನನ್ನ ಯಂತ್ರದ ಕೆಳಗೆ ಚಿಂದಿ ಬಟ್ಟೆಯಲ್ಲಿ ಆಡುತ್ತ ಬೆಳೆದವಳು. ಮದುವೆಯಾಗಿ ಎರಡನೆಯ ವರ್ಷ ಅವಳು ಬಸುರಿಯಾದಳು, ಅದೇ ಹೊತ್ತಿಗೆ ಏಕನಾಥನಿಗೆ ಕಂದಕದ ಧೂಳಿನಿಂದ ಕೆಮ್ಮು ಹತ್ತಿತು. ಕೆಮ್ಮಿಗಿಂತ ಅವನ ಮನಸ್ಸು ಹೆಚ್ಚು ಕೆಟ್ಟಿತ್ತು. ಒಂದು ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದುಕೊಂಡೇ, "ನಾಲ್ಕು ವರ್ಷ ತೋಡೀನ್ರಿ ಮಾವ. ಒಂದು ಮೊಳನೂ ಉಳೀಲಿಲ್ಲ. ಹುಟ್ಟೂ ಕೂಸಿಗೆ ನಿಮ್ಮಪ್ಪ ಇದನ್ನ ಮಾಡ್ಯಾನ ಅಂತ ಏನ್ ತೋರಸ್ಲಿ?" ಎಂದ. ಸಾವಂತ್ರಿ ನನ್ನ ಮುಖ ನೋಡಿದಳು. ಮರುದಿನವೇ ನಾನು ನೌಕಾಪಡೆಯ ಮುಖ್ಯಸ್ಥ ಜುಜೆ ಸಾಹೇಬರ ಹತ್ತಿರ ಹೋದೆ. ಅವರ ಹೊಟ್ಟೆ ವರ್ಷಕ್ಕೆರಡು ಇಂಚು ಬೆಳೆಯುವುದನ್ನು ಯಾರಿಗೂ ಗೊತ್ತಾಗದ ಹಾಗೆ ಹೊಲಿದುಕೊಟ್ಟವನು ನಾನು. ಇಲ್ಲ ಎನ್ನಲಾರದೆ ಒಪ್ಪಿದರು. ಹತ್ತನೆಯ ತಾರೀಖು ಸಂಜೆ, ಧ್ವಜ ಬದಲಾದ ಮೇಲಿನ ಮೊದಲ ಹಾಜರಿಗೆ ಬಿಳಿ ಅಂಗಿ ತೊಟ್ಟು ಬಂದು ನಿಲ್ಲಲಿ ಎಂದರು.

ಬಿಳಿ ಬಟ್ಟೆ ಬರಬೇಕಾದದ್ದು ಎಂಟಕ್ಕೆ, ಬಂದದ್ದು ಹತ್ತನೆಯ ತಾರೀಖು ಬೆಳಿಗ್ಗೆ. ಕೂತ ಕಾಲಿಗೆ ಪ್ಯಾಂಟು ಮುಗಿಸಿ ಅಂಗಿಗೆ ಕೈ ಹಾಕುವ ಹೊತ್ತಿಗೆ ಹನ್ನೊಂದೂವರೆ. ಭೂಸೇನೆಯ ಹವಾಲ್ದಾರ ಕಲ್ಲಪ್ಪ, ಹಾಜರಿಪಟ್ಟಿ ಇಟ್ಟುಕೊಳ್ಳುವವನು, ಪಾಳಿ ಮುಗಿಯುವ ದಿನ ಹನ್ನೆರಡಕ್ಕೆ ಸರಿಯಾಗಿ ಗುಂಡಿ ತೆಗೆದುಕೊಳ್ಳುವ ಕಿಟಕಿ ಮುಚ್ಚುತ್ತಾನೆ. ಆಮೇಲೆ ದೇವರೇ ಬಂದು ಬಡಿದರೂ ತೆರೆಯುವ ಆಸಾಮಿಯಲ್ಲ. ಅಂದು ತಪ್ಪಿದರೆ ಏಕನಾಥ ಇನ್ನೊಂದು ತಿಂಗಳು ಕಾಯಬೇಕು. ಅವನು ಬೆಳಗಿನ ಕೆಲಸ ಮುಗಿಸಿ ಬಂದು, ಉಂಡು, ಅಂಗಡಿಯ ಒಳಕೋಣೆಯಲ್ಲಿ ಬನಿಯನ್ನಿನಲ್ಲಿ ಮಲಗಿ ನಿದ್ದೆ ಹೋಗಿದ್ದ. ಹಸಿರು ಅಂಗಿ ಗೂಟದಲ್ಲಿ ನೇತಾಡುತ್ತಿತ್ತು. ಒಂದೆರಡು ತಾಸಿನ ಮಾತು, ಅಲ್ಲಿಯವರೆಗೆ ನನ್ನ ಕಣ್ಣೆದುರಿಗೇ ಇರುತ್ತಾನೆ, ಏನಾಗುತ್ತದೆ ಎಂದುಕೊಂಡೆ. ಅಂಗಿ ಇಳಿಸಿ ಏಳು ಗುಂಡಿಗಳನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ ಸಾವಂತ್ರಿಯ ಕೈಗಿಟ್ಟೆ.

"ಬಿಳಿ ಅಂಗಿ ಆತೇನಪ್ಪ?" ಎಂದು ಕೇಳಿದಳು.

"ಆದಂಗ. ನೀ ಹೋಗು, ಕಿಟಕಿ ಮುಚ್ಚತೈತಿ."

ಅವಳು ಯಂತ್ರದ ಕಡೆ ನೋಡಿದಳು. ಅಲ್ಲಿ ತೋಳಿಲ್ಲದ ಬಿಳಿ ಅಂಗಿ ಬಿದ್ದಿತ್ತು. ಒಂದು ಕ್ಷಣ ನಿಂತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ಹೋದಳು, ಅವಳಿಗೂ ಈ ಕೆಲಸ ಅವತ್ತೇ ಆಗಬೇಕಾಗಿತ್ತು. ಹನ್ನೆರಡಕ್ಕೆ ಮುಂಚೆ ಕೊಟ್ಟು ಮನೆಗೆ ಹೋದಳು.

ಏಕನಾಥ ಎದ್ದದ್ದು ಎರಡೂವರೆಗೆ. ಹಸಿರು ಅಂಗಿ ಹಾಕಿಕೊಳ್ಳಲು ಹೋಗಿ ನಕ್ಕ. "ಆಗಲೇ ಕತ್ತರಿಸಿಬಿಟ್ರೇನ್ರಿ? ಗುಂಡಿ ಎಲ್ಲಿ ಅದಾವ?"

"ಡಬ್ಬಿಯೊಳಗ ಅದಾವ" ಎಂದೆ.

ಯಾಕೆ ಹಾಗಂದೆನೋ ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ನಿಯಮದ ಮನುಷ್ಯ ಅವನು, ಕಳಿಸಿಬಿಟ್ಟೆ ಎಂದರೆ ಗಾಬರಿಯಾಗುತ್ತಾನೆ, ಅಳಿಯನ ಮುಂದೆ ನನ್ನ ಕಸುಬಿನ ಮಾನ ಹೋಗುತ್ತದೆ ಎಂಬಷ್ಟೇ ಸಣ್ಣ ಕಾರಣ. ಕಿಟಕಿ ಹನ್ನೆರಡಕ್ಕೇ ಮುಚ್ಚುವುದು ಅವನಿಗೆ ಗೊತ್ತಿರಲಿಲ್ಲ, ಅದು ದರ್ಜಿಗೂ ಕಚೇರಿಗೂ ನಡುವಿನ ವ್ಯವಹಾರ. ಮಾತು ಬಾಯಿಂದ ಜಾರಿತು, ನಾನು ತೋಳು ಕೂಡಿಸುತ್ತಿದ್ದೆ. ಅವನು ಗುಂಡಿಯಿಲ್ಲದ ಅಂಗಿಯನ್ನೇ ತೊಟ್ಟು ಎದೆಯ ಹತ್ತಿರ ಒಂದು ಕೈಯಿಂದ ಹಿಡಿದುಕೊಂಡ. "ಸಲಿಕಿ ಕಂದಕದಾಗ ಬಿಟ್ಟ ಬಂದೀನ್ರಿ. ಅದನ್ನ ತಿರುಗಿ ಕೊಡದಿದ್ರ ಕಲ್ಲಪ್ಪ ನನ್ನ ಬಿಡೂ ಪೈಕಿ ಅಲ್ಲ. ಹೋಗಿ ತಂದುಬಿಡ್ತೀನಿ."

"ಲಗೂನ ಬಾ."

"ನನ್ನ ಹೆಸರು ಕೂಗಿ ನಾ ಹ್ಞೂ ಅನ್ನೂತನಕ ಧ್ವಜ ಎಲ್ಲಿ ಇಳೀತದ ಮಾವ, ನೀವು ಸಾವಕಾಶ ಹೊಲೀರಿ" ಎಂದು ಹೊರಟ.

ಆಗ ಹೇಳಬಹುದಿತ್ತು. ಬಾಗಿಲ ತನಕ ಅವನ ಬೆನ್ನು ನೋಡಿದೆ. ಅರ್ಧ ತಾಸಿನಲ್ಲಿ ಬರುತ್ತಾನಲ್ಲ ಎಂದು ಸೂಜಿಗೆ ಬಿಳಿ ನೂಲು ಪೋಣಿಸಿದೆ. ಕಂದಕ ಆ ತಿಂಗಳು ಎಷ್ಟು ದೂರ ಹೋಗಿತ್ತೆಂದು ನನಗೆ ಗೊತ್ತಿರಲಿಲ್ಲ.

ಯಂತ್ರದ ಗದ್ದಲದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಕೊನೆಯ ಕಾಜಾ ಹಾಕುತ್ತಿದ್ದೆ, ಕಿಟಕಿಯಿಂದ ಕಲ್ಲಪ್ಪನ ದನಿ ಕೇಳಿಸಿತು. ಹಾಜರಿ ಶುರುವಾಗಿತ್ತು. ಭೂಸೇನೆಯವರದು ಇನ್ನೂರ ಹನ್ನೆರಡು ಹೆಸರು, ಮುಗಿಯಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಏಕನಾಥ ಇನ್ನೂ ಬರಲಿಲ್ಲವಲ್ಲ, ನೇರ ಸಾಲಿಗೇ ಹೋಗಿ ನಿಂತನೇನೋ ಎಂದುಕೊಂಡೆ. ಅವನ ಹೆಸರು ಬರುವ ಜಾಗ ನನಗೆ ಗೊತ್ತು: ಈರಪ್ಪ, ಉಸ್ಮಾನ, ಆಮೇಲೆ ಏಕನಾಥ. ಕಲ್ಲಪ್ಪ ಈರಪ್ಪ ಎಂದ, ಉಸ್ಮಾನ ಎಂದ, ಆಮೇಲೆ ಓಬಣ್ಣ ಎಂದ. ನನ್ನ ಕೈಯಲ್ಲಿದ್ದ ಸೂಜಿ ನಿಂತಿತು. ಅವನ ಹೆಸರು ಪಟ್ಟಿಯಲ್ಲಿಲ್ಲ, ಹೊಡೆಸಿದವನು ನಾನೇ, ಅವನಿಗೆ ಅದು ಗೊತ್ತಿಲ್ಲ.

ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಸೂಜಿ ಇನ್ನೂ ಅದಕ್ಕೆ ಸಿಕ್ಕಿಕೊಂಡಿತ್ತು. ಅಂಗಡಿಯಿಂದ ಗೋಡೆ ಬಳಸಿ ನೆಲೆಯ ಬಾಗಿಲಿಗೆ, ಬಾಗಿಲಿಂದ ಕಟ್ಟೆಗೆ. ಬಾಗಿಲ ಕಾವಲಿನವನು ಚೀಟಿ ಕೇಳಿದ. ಅವನ ಜೊತೆ ಜಗ್ಗಾಡುವಷ್ಟರಲ್ಲಿ ಕೊನೆಯ ಹೆಸರಿಗೂ 'ಹಾಜರ್' ಬಂದಾಗಿತ್ತು. ನಾನು ಕಟ್ಟೆ ಏರಿದಾಗ ಇಬ್ಬರು ಸೈನಿಕರು ಹಸಿರು ಧ್ವಜವನ್ನು ನಾಲ್ಕು ಮಡಿಕೆ ಮಾಡುತ್ತಿದ್ದರು.

ಬಯಲಲ್ಲಿ ಅವನು ಕಂಡ. ಮುನ್ನೂರು ಹೆಜ್ಜೆ ದೂರದಲ್ಲಿರಬಹುದು. ಹೆಗಲ ಮೇಲೆ ಸಲಿಕೆ, ಇನ್ನೊಂದು ಕೈಯಲ್ಲಿ ಎದೆಯ ಹತ್ತಿರ ಅಂಗಿ ಹಿಡಿದುಕೊಂಡು ಬರುತ್ತಿದ್ದ. ಓಡುತ್ತಿರಲಿಲ್ಲ. ಹೆಸರು ಕೂಗುತ್ತಾರೆ, ಕಾಯುತ್ತಾರೆ ಎಂಬ ನಂಬಿಕೆಯ ಮೇಲೆ ಮೆಲ್ಲಗೆ ನಡೆದು ಬರುತ್ತಿದ್ದ. ನನ್ನನ್ನು ಕಂಡು ಸಲಿಕೆ ಎತ್ತಿ ತೋರಿಸಿದ, ಸಿಕ್ಕಿತು ಎನ್ನುವ ಹಾಗೆ. ನಾನು ಕೂಗಿದ್ದು ಅವನಿಗೆ ಕೇಳಿಸಿತೋ ಇಲ್ಲವೋ. ನಮ್ಮಲ್ಲಿ ಸಮುದ್ರ ಅಲೆಯಾಗಿ ಬರುವುದಿಲ್ಲ, ಇದ್ದಲ್ಲೇ ನೆಲ ನೀರಾಗುತ್ತದೆ. ಅವನು ಇದ್ದ ಕಡೆಯೂ ಆಯಿತು.

ಜುಜೆ ಸಾಹೇಬರು ತಾವೇ ದೋಣಿಗೆ ಹಾರಿ ಹೋದರು, ಆ ಪುಣ್ಯವನ್ನು ನಾನು ಅವರಿಂದ ಕಿತ್ತುಕೊಳ್ಳುವುದಿಲ್ಲ. ಕತ್ತಲಾಗುವ ತನಕ ಹುಡುಕಿದರು. ಏನೂ ಸಿಗಲಿಲ್ಲ.

ಮೂರನೆಯ ದಿನ ಸಾವಂತ್ರಿಯನ್ನು ಕರೆದುಕೊಂಡು ಕಚೇರಿಗೆ ಹೋದೆ. ಸತ್ತ ಸೈನಿಕನಿಗೆ ನಮ್ಮ ನೆಲೆಯಲ್ಲಿ ಒಂದು ಕ್ರಮವಿದೆ. ಮೂರು ಬೆಳಿಗ್ಗೆ ಹಾಜರಿಯಲ್ಲಿ ಅವನ ಹೆಸರು ಕೂಗುತ್ತಾರೆ. ಮೂರು ಸಲವೂ ಉತ್ತರ ಬರದಿದ್ದರೆ ಕಹಳೆ ಊದಿ ಹೆಸರು ತೆಗೆಯುತ್ತಾರೆ. ಆಮೇಲೆ ಮನೆಯವರು ಕರ್ಮ ಮಾಡಬಹುದು. ಕಹಳೆ ಊದದೆ ಹೋದವನು ಊರಿನ ಲೆಕ್ಕಕ್ಕೆ ಸತ್ತವನಲ್ಲ, ಓಡಿಹೋದವನು. ಮೇಜಿನ ಹಿಂದಿನ ಕುರ್ಚಿ ಆಗ ಜುಜೆ ಸಾಹೇಬರದು, ನೀರಿನ ಪಾಳಿ. ಕಲ್ಲಪ್ಪ ಶೆಡ್ಡಿನಿಂದ ಬಂದು ಪಕ್ಕದಲ್ಲಿ ನಿಂತಿದ್ದ.

"ನಮ್ಮ ಪಟ್ಟಿ ಚೊಕ್ಕ ಐತ್ರಿ ಮಾಸ್ತರ" ಎಂದ ಕಲ್ಲಪ್ಪ. "ಇನ್ನೂರ ಹನ್ನೆರಡು ಕೂಗಿದ್ವಿ, ಇನ್ನೂರ ಹನ್ನೆರಡು ಬಂದಾವ. ನಿಮ್ಮ ಅಳಿಯನ ಗುಂಡಿ ಹನ್ನೆರಡರೊಳಗ ನಮಗ ಮುಟ್ಟ್ಯಾವ. ನೀರಾಗ ಮುಳುಗಿದಾಂವ ನೀರಿನವರಿಗೇ ಸೇರಬೇಕಲ್ರಿ?"

"ನಮ್ಮಲ್ಲಿ ಅವ ಬಿಳಿ ಅಂಗಿ ಹಾಕಿ ನಿಲ್ಲಲೇ ಇಲ್ಲ" ಎಂದರು ಜುಜೆ ಸಾಹೇಬರು. ಅವರ ದನಿಯಲ್ಲಿ ಮರುಕವಿತ್ತು, ಆದರೆ ಮರುಕಕ್ಕೆ ಖಾನೆ ಇರಲಿಲ್ಲ. "ಒಂದ್ ಸಲ ನಿಂತಿದ್ರೆ ಸಾಕಿತ್ತು, ಪುಂಡಲೀಕ. ಧ್ವಜ ಇಳಿದಾಗ ಅವ ಇದ್ದದ್ದು ನೆಲದ ಮೇಲೆ. ನೆಲದವರದೇ ಆಗ್ಬೇಕು."

"ಹಸರ ಅಂಗಿಯೊಳಗಿದ್ನಲ್ರೀ" ಎಂದಳು ಸಾವಂತ್ರಿ.

"ಗುಂಡಿ ಇಲ್ಲದ ಹಸರ ಅಂಗಿ ಬರೇ ಅರಿವಿ ಅಲ್ಲೇನವ್ವ" ಎಂದ ಕಲ್ಲಪ್ಪ. ಅವನೂ ಕೆಟ್ಟವನಲ್ಲ, ಹೇಳಿ ತಲೆ ಕೆಳಗೆ ಹಾಕಿದ. ಗುಂಡಿಯ ಮಾತು ಬಂದಾಗ ನಾನು ಗೋಡೆಯ ಕಡೆ ನೋಡುತ್ತಿದ್ದೆ. ಕಚೇರಿಯವರ ತಪ್ಪು, ಅವಸರದಲ್ಲಿ ಹೆಸರು ಹೊಡೆದರು ಎಂದು ದಾರಿಯಲ್ಲಿ ಮಗಳಿಗೆ ಹೇಳಿದೆ. ಅವಳು ಸೆರಗು ಬಿಗಿದುಕೊಂಡು ಮುಂದೆ ನಡೆದಳು.

ಊರ ಬಾಯಿಗೆ ಮುಚ್ಚಳವಿಲ್ಲ. ಹೆಂಗಸರು ಮೀನು ಕೊಳ್ಳುತ್ತ ಮಾತಾಡಿದರು: ಬಸುರಿ ಹೆಂಡತಿಯನ್ನು ಬಿಟ್ಟು ಹೋದನಂತೆ, ಎರಡೂ ಪಡೆಯವರು ನಮ್ಮವನಲ್ಲ ಅಂತಾರಂತೆ, ಏನು ಮಾಡಿದ್ದನೋ ಏನೋ. ದೋಣಿಯಲ್ಲಿ ಹುಡುಕಿದ್ದನ್ನು ಕಣ್ಣಾರೆ ಕಂಡವರೇ ಎಂಟು ದಿನದಲ್ಲಿ ಹೀಗಂದರು. ಸಾವಂತ್ರಿ ಕೊಡ ಹಿಡಿದು ನೀರಿಗೆ ಹೋಗುವುದನ್ನು ಬಿಟ್ಟಳು. ಕುಂಕುಮ ಹಚ್ಚಿಕೊಳ್ಳಲೋ ಬೇಡವೋ ಎಂದು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಕೂತುಕೊಳ್ಳುವಳು. ನನ್ನನ್ನು ಕೇಳುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಒಲೆಯ ಮುಂದೆ ಕೂತವಳು, "ಒಂದ್ ಸಲ ಅವರ ಹೆಸರ ಕೂಗಿಸಪ್ಪ. ಎಲ್ಲಾರೂ ಕೇಳೂಹಂಗ ಕೂಗಿಸು. ನನಗ ಇನ್ನೇನೂ ಬ್ಯಾಡ" ಎಂದಳು.

ಇಪ್ಪತ್ತನೆಯ ತಾರೀಖು ಸಂಜೆ ಬಯಲು ಆಕಾಶವಾಯಿತು, ವಾಯುಪಡೆಯವರು ಮಂಚಗಳಿಗೆ ಬಂದರು. ಅವರು ಇದ್ದದ್ದೇ ಒಂಬತ್ತು ಜನ. ವಿಮಾನ ಮಂಜೂರಾಗಿ ಯಾವ ಕಾಲವಾಯಿತೋ, ಬಂದಿಲ್ಲ. ಕಟ್ಟೆಯ ಮೇಲೆ ದುರ್ಬೀನು ಹಿಡಿದು ನಿಲ್ಲುತ್ತಾರೆ, ಮೇಲೆ ನೋಡುತ್ತಾರೆ, ಕೆಳಗೆ ನೋಡುತ್ತಾರೆ, ಏನೂ ಇಲ್ಲ ಎಂದು ಬರೆದಿಡುತ್ತಾರೆ. ಉಳಿದ ಎರಡು ಪಡೆಯವರಿಗೆ ಇವರೆಂದರೆ ನಗೆಪಾಟಲು. ಅವರ ಮುಖ್ಯಸ್ಥರು ಖಾಜಾಸಾಬರು, ಒಣಕಲು ಮೈಯ ಮುದುಕ, ಎದೆ ಮೂವತ್ತೆರಡು. ಸವೆದ ಕಾಲರು ತಿರುವಿಸಿಕೊಳ್ಳಲು ಬಂದವರು ಅಂಗಡಿಯಲ್ಲಿ ಗೂಟಕ್ಕೆ ನೇತಾಡುತ್ತಿದ್ದ ಬಿಳಿ ಅಂಗಿಯನ್ನು ನೋಡುತ್ತ ಬಹಳ ಹೊತ್ತು ಕೂತರು.

"ಮಾಸ್ತರ, ನಮಗ ವಿಮಾನ ಇಲ್ಲ" ಎಂದರು ಕೊನೆಗೆ. "ಆದರ ಪಟ್ಟಿ ಐತಿ. ಪಟ್ಟಿಯೊಳಗ ಜಾಗ ಐತಿ."

"ಅಂದ್ರ?"

"ನೀಲಿ ಅಂಗಿ ತೊಟ್ಟವ ಒಬ್ಬ ಬಂದು ನಿಂತು ಹೆಸರು ಹೇಳಿದ್ರ ನಾ ಬರಕೋಬೇಕು. ಮಾರಿ ನೋಡಬೇಕು ಅಂತ ನಿಯಮದಾಗ ಇಲ್ಲ. ಒಂದ್ ದಿನ ಹಾಜರ್ ಅನ್ನಲಿ. ಆಮ್ಯಾಲೆ ಮೂರು ದಿನ ಅನ್ನಬಾರದು. ಕಹಳಿ ನಾನ ಊದಸ್ತೀನಿ. ಬಿಕ್ಕಿ ಬಿಕ್ಕಿ ಅಳೂವಂಗ ಊದೂ ಹುಡುಗ ಅದಾನ ನಮ್ಮಲ್ಲಿ."

ಯಾರು ನಿಲ್ಲಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀಲಿ ಬಟ್ಟೆ ತೆಗೆದು ಹಾಸಿದೆ. ತೊಡುವವನು ನಾನು, ನನ್ನ ಅಳತೆಗೇ ಕತ್ತರಿಸಬೇಕಿತ್ತು. ಸೀಮೆಸುಣ್ಣ ಹಿಡಿದ ಕೈ ಮೂವತ್ತೆಂಟು, ಇಪ್ಪತ್ತೈದು, ಹದಿನೈದು ಎಂದು ತಾನೇ ಗೀಚಿಕೊಂಡು ಹೋಯಿತು. ಹೊಲಿದಾದ ಮೇಲೆ ತೊಟ್ಟು ನೋಡಿದರೆ ತೋಳು ಬೆರಳ ತುದಿ ಮುಚ್ಚುತ್ತಿತ್ತು, ಹೆಗಲು ಕೆಳಗೆ ಜಾರುತ್ತಿತ್ತು. ಮಡಚಿ ಹೊಲಿಯಲು ಮನಸ್ಸಾಗಲಿಲ್ಲ. ಹಾಗೆಯೇ ತೋಳು ಮೇಲಕ್ಕೆ ಸರಿಸಿಕೊಂಡು ಇಪ್ಪತ್ತಮೂರನೆಯ ತಾರೀಖು ಬೆಳಿಗ್ಗೆ ಕಟ್ಟೆಯ ಮೇಲೆ ಹತ್ತನೆಯವನಾಗಿ ನಿಂತೆ. ಆ ಒಂಬತ್ತು ಜನ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅವರ ಆ ಸಜ್ಜನಿಕೆಗೆ ನಾನು ಇವತ್ತಿಗೂ ಋಣಿ. ತಂತಿಬೇಲಿಯ ಆಚೆ ಊರವರು ನೆರೆದಿದ್ದರು, ಸುದ್ದಿ ಹೇಗೋ ಹಬ್ಬಿತ್ತು. ಸಾವಂತ್ರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದಳು.

ಖಾಜಾಸಾಬರು ಒಂಬತ್ತು ಹೆಸರು ಕೂಗಿದರು. ಆಮೇಲೆ "ಏಕನಾಥ" ಎಂದರು.

"ಹಾಜರ್" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಬೇಲಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಆ ಸಂಜೆ ಸಾವಂತ್ರಿ ಎಷ್ಟೋ ದಿನದ ಮೇಲೆ ರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಮಾಡಿದಳು. ಏಕನಾಥನಿಗೆ ಇಷ್ಟವಾದ ಪಲ್ಯ ಅದು. ಇಬ್ಬರೂ ಉಂಡೆವು. ಕೆಲಸ ಮುಗಿಯಿತು, ಇನ್ನು ಮೂರು ಬೆಳಿಗ್ಗೆ ನಾನು ಮನೆಯಲ್ಲೇ ಕೂತರೆ ಸಾಕು, ಕಹಳೆ ಊದುತ್ತದೆ, ಅವನಿಗೊಂದು ಗತಿಯಾಗುತ್ತದೆ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಏಳುವಾಗ ನೀಲಿ ಅಂಗಿ ಇಸ್ತ್ರಿಯಾಗಿ ನನ್ನ ತಲೆದೆಸೆಯ ಗೂಟದಲ್ಲಿ ನೇತಾಡುತ್ತಿತ್ತು. ಮಗಳು ಬಾಗಿಲಲ್ಲಿ ಕೂತಿದ್ದಳು.

"ಇವತ್ತೊಂದಿನ ಹೋಗಪ್ಪ."

"ಹೋಗಬಾರದವ್ವ. ಹೋದ್ರ ಕಹಳಿ ಊದೂದಿಲ್ಲ. ಖಾಜಾಸಾಬರು ಹೇಳ್ಯಾರಲ್ಲ."

"ಗೊತ್ತೈತಿ. ನಿನ್ನೆ ಅವರ ಹೆಸರ ಕೂಗಿದ್ರಲ್ಲ, ಆಮ್ಯಾಲೆ ಹಾಜರ್ ಅಂತ ಬಂತಲ್ಲ... ಇವತ್ತೊಂದಿನ ಹೋಗು."

ನನಗೆ ತಡೆಯಲಾಗಲಿಲ್ಲ. ಎದ್ದು ಕೂತು ಹೇಳಿಬಿಟ್ಟೆ. "ಆ ಹೆಸರಿಗೆ ನನ್ನ ಬಾಯಿಂದ ಹ್ಞೂ ಬರಬಾರದು, ಸಾವಂತ್ರಿ. ಕಚೇರಿಯವರ ತಪ್ಪಲ್ಲ. ಬಿಳಿ ಅಂಗಿ ಮುಗಿಯೂಕಿಂತ ಮುಂಚೆ ಗುಂಡಿ ಕತ್ತರಿಸಿ ಕಳಿಸಿದಾಂವ ನಾನು. ಡಬ್ಬಿಯೊಳಗ ಅದಾವ ಅಂತ ಅವಗ ಸುಳ್ಳ ಹೇಳಿದಾಂವನೂ ನಾನು. ಅದಕ್ಕ ಅವ ಓಡಲಿಲ್ಲ."

ಅವಳು ಅಳಲಿಲ್ಲ. ಅಂಗಳದ ಕಡೆ ನೋಡುತ್ತ ಹೇಳಿದಳು: "ಒಯ್ದು ಕೊಟ್ಟಾಕಿ ನಾನು. ದರ್ಜಿ ಮಗಳಪ್ಪ ನಾನು, ತೋಳಿಲ್ಲದ ಅಂಗಿ ನನ್ನ ಕಣ್ಣಿಗೆ ಬೀಳದ ಇರತೈತೇನು? ನೋಡೇ ಒಯ್ದೆ." ಎದ್ದು ಬಂದು ಗೂಟದಿಂದ ನೀಲಿ ಅಂಗಿ ಇಳಿಸುತ್ತ, "ಅದಕ್ಕ ಹೇಳಾಕತ್ತೀನಿ, ಹೋಗು. ಇನ್ನೊಮ್ಮೆ ಅವರ ಹೆಸರ ನಮ್ಮ ಕೈಲೆ ಹೊಡಸೂದು ಬ್ಯಾಡ" ಎಂದಳು.

ಹೋದೆ. ಮರುದಿನವೂ ಹೋದೆ. ಖಾಜಾಸಾಬರು ಮೊದಲೆರಡು ದಿನ ನನ್ನನ್ನು ಪ್ರಶ್ನೆಯಂತೆ ನೋಡಿದರು, ಮೂರನೆಯ ದಿನದಿಂದ ನೋಡುವುದನ್ನು ಬಿಟ್ಟರು. ಇದಾಗಿ ಹನ್ನೊಂದು ವರ್ಷ. ಖಾಜಾಸಾಬರು ನಿವೃತ್ತರಾಗಿ ಹೋದರು, ಹೊಸಬರು ಬಂದರು, ಅವರೂ ಪಟ್ಟಿ ನೋಡಿ ಕೂಗುತ್ತಾರೆ. ತಿಂಗಳಿಗೆ ಹತ್ತು ಬೆಳಿಗ್ಗೆ ನಾನು ಏಕನಾಥ. ಆಕಾಶದ ದಿನಗಳಲ್ಲಿ ಊರವರೂ ನನ್ನನ್ನು ಹಾಗೇ ಮಾತಾಡಿಸುತ್ತಾರೆ, ಚಾದಂಗಡಿಯವನು "ಏಕನಾಥ, ಸಕ್ಕರಿ ಎಷ್ಟು ಹಾಕಲಿ?" ಎನ್ನುತ್ತಾನೆ. ಓಡಿಹೋದವನ ಮಗಳು ಎಂದು ನನ್ನ ಮೊಮ್ಮಗಳಿಗೆ ಯಾರೂ ಅಂದಿಲ್ಲ, ಅವಳ ಅಪ್ಪನ ಹೆಸರನ್ನು ಕಟ್ಟೆಯ ಮೇಲೆ ಎಲ್ಲರೂ ಕೇಳುತ್ತಾರೆ. ಸಾವಂತ್ರಿ ಕುಂಕುಮ ಹಚ್ಚುತ್ತಾಳೆ. ನನಗೀಗ ಅರವತ್ತೆಂಟು, ಮಂಡಿ ಹಿಡಿದುಕೊಂಡಿವೆ, ಕಟ್ಟೆಯ ಮೆಟ್ಟಿಲು ಹತ್ತುವಾಗ ಎರಡು ಸಲ ಕೂರಬೇಕು. ನಾನು ಹಾಸಿಗೆ ಹಿಡಿದ ತಿಂಗಳು ಅವರು ಮೂರು ದಿನ ಕೂಗುತ್ತಾರೆ, ಉತ್ತರ ಬರುವುದಿಲ್ಲ, ಕಹಳೆ ಊದುತ್ತಾರೆ. ಆಮೇಲೆ ನನ್ನ ಮಗಳು ವಿಧವೆಯಾಗುತ್ತಾಳೆ. ಇದು ಅವಳಿಗೂ ಗೊತ್ತು, ಅದಕ್ಕೇ ನನಗೆ ಕೆಮ್ಮು ಬಂದರೆ ರಾತ್ರಿಯೆಲ್ಲ ಎದ್ದು ಕಷಾಯ ಕಾಸುತ್ತಾಳೆ. ಪುಂಡಲೀಕನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಪಾಳಿ ಮುಗಿಯುವ ದಿನದ್ದು ಮಾತ್ರ ನಾನೇ ಮಾಡಿಕೊಂಡ ಪದ್ಧತಿ, ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ. ಮೂವತ್ತನೆಯ ತಾರೀಖು ಸಂಜೆ ನಾಲ್ಕಕ್ಕೆ ಧ್ವಜ ಇಳಿಸುವ ಹಾಜರಿ. ಬೇಲಿಯ ಆಚೆ ಸಾವಂತ್ರಿ ಮಗಳ ಕೈ ಹಿಡಿದು ನಿಂತಿರುತ್ತಾಳೆ. ಒಂಬತ್ತು ಹೆಸರು ಮುಗಿದು "ಏಕನಾಥ" ಎಂದು ಕೂಗಿದಾಗ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಸುಮ್ಮನೆ ನಿಲ್ಲುತ್ತೇನೆ. ಹಗ್ಗ ಹಿಡಿದವನು ಹಗ್ಗ ಹಿಡಿದೇ ಇರುತ್ತಾನೆ. ಶೆಡ್ಡಿನಿಂದ ಬಂದು ಸಾಲಾಗಿ ನಿಂತ ಹಸಿರು ಅಂಗಿಯವರು ಸಲಿಕೆ ಹೆಗಲಿಂದ ಹೆಗಲಿಗೆ ಬದಲಿಸುತ್ತಾರೆ. ಅಧಿಕಾರಿ ಎರಡನೆಯ ಸಲ ಕೂಗುತ್ತಾರೆ. ಮುನ್ನೂರು ಹೆಜ್ಜೆ ನಡೆದು ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನು ಬಾಯಿ ತೆರೆಯುವುದಿಲ್ಲ. ಎಲ್ಲರೂ ಅವನಿಗಾಗಿ ಕಾಯುತ್ತಾರೆ. ಆಮೇಲೆ ಹಾಜರ್ ಎನ್ನುತ್ತೇನೆ. ಧ್ವಜ ಇಳಿಯುತ್ತದೆ, ಕಟ್ಟೆಯ ಕೆಳಗೆ ಕರಿಯ ನೆಲ ಬಂದು ನಿಲ್ಲುತ್ತದೆ, ನಾನೂ ಸಾವಂತ್ರಿಯೂ ಅದನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿ ಮನೆಗೆ ಹೋಗುತ್ತೇವೆ.